ಅಜ್ಜನ ಸೂರ್ಯಾಸ್ತಕ್ಕೆ ಒಂದು ನಂಬರ್

ಜುಲೈ ತಿಂಗಳಲ್ಲಿ ಮೂಡುಬಿದಿರೆಯ ಸೂರ್ಯ ಸಂಜೆ ಏಳರ ಹೊತ್ತಿಗೆ ಮುಳುಗುತ್ತಾನೆ. ನಮ್ಮ ಮನೆಯಲ್ಲಿ ಮಾತ್ರ ಅವನು ನಾಲ್ಕೂವರೆಗೇ ಮುಳುಗುತ್ತಿದ್ದ. ಹಾಗೆಂದು ತೀರ್ಮಾನಿಸಿದವರು ನನ್ನ ಮಾವ ಸಂಪತ್‌ಕುಮಾರರು. ಅವರ ತೀರ್ಮಾನದ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ, ಸೂರ್ಯನಿಗೂ ಇಲ್ಲ.

ನಾವು ಜೈನರು. ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಈಗಿನ ಮನೆಗಳಲ್ಲಿ ಹಿರಿಯರು ಮಾತ್ರ ಇದನ್ನು ಪಾಲಿಸುತ್ತಾರೆ, ಕಿರಿಯರು ಮದುವೆಮನೆಯ ಬಫೆಯಲ್ಲಿ ಮರೆಯುತ್ತಾರೆ. ಮಾವ ಮರೆಯುವ ಜಾತಿಯವರಲ್ಲ. ಕ್ಯಾಲೆಂಡರಿನಲ್ಲಿ ಅಚ್ಚಾದ ಸೂರ್ಯಾಸ್ತವನ್ನೂ ಅವರು ನಂಬುವುದಿಲ್ಲ. ಅವರ ಅಜ್ಜ ಹೇಳಿಕೊಟ್ಟ ಲೆಕ್ಕ ಒಂದೇ: ಅಂಗಳದಲ್ಲಿ ನಿಂತು ಅಂಗೈ ಚಾಚಬೇಕು, ಗೆರೆಗಳು ಕಾಣುವವರೆಗೆ ಊಟ, ಕಾಣದಿದ್ದರೆ ಕೈ ತೊಳೆಯುವುದು. ಬೆಳಿಗ್ಗೆಯೂ ಅದೇ ನಿಯಮ. ಗೆರೆ ಕಾಣುವ ಮೊದಲು ನೀರೂ ಇಲ್ಲ.

ಲೆಕ್ಕವೇನೋ ಚೆನ್ನಾಗಿತ್ತು. ಕೆಟ್ಟದ್ದು ಕಣ್ಣು. ಎರಡೂ ಕಣ್ಣಿಗೆ ಪೊರೆ ಬಂದು, ಅವರ ಅಂಗೈಯ ಗೆರೆಗಳು ದಿನದಿಂದ ದಿನಕ್ಕೆ ಬೇಗ ಅಳಿಸಿಹೋಗತೊಡಗಿದವು. ಆರೂವರೆಗೆ ಮುಗಿಯುತ್ತಿದ್ದ ಊಟ ಆರಕ್ಕೆ ಬಂತು, ಐದೂವರೆಗೆ ಬಂತು, ಮಳೆ ಶುರುವಾದ ಮೇಲೆ ನಾಲ್ಕೂವರೆಗೆ. ಜೊತೆಗೆ ಸಕ್ಕರೆ ಕಾಯಿಲೆ. ಮಾತ್ರೆ ತಿಂದು ಮರುದಿನದವರೆಗೆ ಖಾಲಿ ಹೊಟ್ಟೆಯಲ್ಲಿದ್ದರೆ ಒಂದು ದಿನ ಎಚ್ಚರವೇ ಆಗಲಿಕ್ಕಿಲ್ಲ ಎಂದು ಬಂಟ್ವಾಳದ ಡಾಕ್ಟರು ಬಿಡಿಸಿ ಹೇಳಿದ್ದರು. "ಒಂದೋ ಕಣ್ಣಿನ ಆಪರೇಷನ್ ಮಾಡಿಸಿ, ಒಂದೋ ರಾತ್ರಿ ಊಟ ಮಾಡಿ. ಎರಡೂ ಬೇಡ ಅಂದ್ರೆ ನನ್ನ ಹತ್ರ ಮದ್ದಿಲ್ಲ."

ಮಾವನಿಗೆ ಎರಡೂ ಬೇಡ. ಪೇಟೆಯಲ್ಲಿ ನಲವತ್ತು ವರ್ಷ ಜವಳಿ ಅಂಗಡಿ ನಡೆಸಿದವರು ಅವರು. ಒಂದು ಬಿಳಿಯನ್ನೂ ಇನ್ನೊಂದು ಬಿಳಿಯನ್ನೂ ಬಾಗಿಲ ಬೆಳಕಿಗೆ ಹಿಡಿದು, ಇದು ಈ ಗಿರಣಿಯದ್ದು, ಅದು ಆ ಗಿರಣಿಯದ್ದು ಎನ್ನುತ್ತಿದ್ದ ಕಣ್ಣು. "ಈ ಕಣ್ಣಿಗೆ ಕತ್ತಿ ಹಾಕ್ಲಿಕ್ಕೆ ನಾನು ಬಿಡುವುದಿಲ್ಲ. ಕಣ್ಣು ಸರಿ ಉಂಟು. ಬೆಳಕೇ ಮೊದಲಿನ ಹಾಗೆ ಇಲ್ಲ."

ಸೂರ್ಯನಿಗೆ ವಯಸ್ಸಾಯಿತು, ಅವರಿಗಲ್ಲ.

ಒಮ್ಮೆ ನನ್ನ ಗಂಡ ಜಿನೇಶರು, ಬಿ.ಸಿ.ರೋಡಿನ ಟೈಲ್ಸ್ ಅಂಗಡಿಯಿಂದ ಬೇಗ ಬಂದವರು, ತಂದೆಯ ಅಂಗೈ ನೋಡಿ "ಬೆಳಕುಂಟು ಪಪ್ಪ, ಉಣ್ಣಿ" ಎಂದಿದ್ದರು. ಅಷ್ಟರಲ್ಲಿ ಪಕ್ಕದ ಮನೆಯ ಟ್ಯೂಬ್‌ಲೈಟ್ ಉರಿಯಿತು. ಮಾವ ಬಾಯಿಗಿಟ್ಟ ತುತ್ತು ಉಗುಳಿ ಮರುದಿನ ಪೂರ್ತಿ ಉಪವಾಸ ಮಾಡಿದರು. ಅಂದಿನಿಂದ ನಮ್ಮ ಸಾಕ್ಷಿ ನಡೆಯುವುದಿಲ್ಲ. "ನಿಮಗೆ ನನ್ನ ಮೇಲೆ ಪ್ರೀತಿ ಉಂಟು. ಪ್ರೀತಿ ಇರುವವರು ಸುಳ್ಳು ಹೇಳ್ತಾರೆ." ಸೊಸೆಗೆ ಮಾವನಿಂದ ಸಿಕ್ಕ ಅತ್ಯುತ್ತಮ ಸರ್ಟಿಫಿಕೇಟು ಇದು. ಗೋಡೆಗೆ ತೂಗುಹಾಕಬಹುದಿತ್ತು, ತಿನ್ನಿಸಲು ಮಾತ್ರ ಬರುತ್ತಿರಲಿಲ್ಲ.

ಆಗ ಒಂಬತ್ತನೇ ಕ್ಲಾಸಿನ ನನ್ನ ಮಗಳು ಅನಿಷಾ ಬಾಯಿ ಹಾಕಿದಳು. "ಅಜ್ಜ, ಪ್ರೀತಿ ಇಲ್ಲದ ಒಂದು ಯಂತ್ರ ನೋಡಿ ಹೇಳಿದ್ರೆ ಆದೀತಾ?"

ಮಾವ ಯೋಚಿಸಿದರು. "ಯಂತ್ರಕ್ಕೆ ನಾನು ಸತ್ತರೂ ಬದುಕಿದರೂ ಒಂದೇ ಅಲ್ವಾ?"

"ಒಂದೇ."

"ಹಾಗಾದ್ರೆ ಆದೀತು."

ಹೀಗೆ ನಮ್ಮ ಮನೆಗೆ ಮೈಕ್ರೋಕಂಟ್ರೋಲರ್ ಬೋರ್ಡ್ ಬಂತು.

ಅನಿಷಾಳ ಶಾಲೆಯಲ್ಲಿ ರೋಬೋಟಿಕ್ಸ್ ಲ್ಯಾಬ್ ಉಂಟು. ಎರಡು ವರ್ಷದ ಹಿಂದೆ ರಿಬ್ಬನ್ ಕತ್ತರಿಸಿ, ಹಾರ ಹಾಕಿ, ಭಾಷಣ ಮಾಡಿ ಉದ್ಘಾಟಿಸಿದ್ದಾರೆ. ಮಕ್ಕಳು ಮುಟ್ಟಿದರೆ ಹಾಳಾಗುತ್ತದೆಂದು ಅಂದೇ ಬೀಗವನ್ನೂ ಹಾಕಿದ್ದಾರೆ. ಕಿಟಕಿಯಿಂದ ನೋಡಲು ಅಡ್ಡಿಯಿಲ್ಲ. ಹಾಗಾಗಿ ನಾವು ಪೇಟೆಯ ರಹ್ಮತ್‌ನ ಮೊಬೈಲ್ ಅಂಗಡಿಗೆ ಹೋದೆವು. ಅಂಗೈಗಿಂತ ಚಿಕ್ಕ ಹಸಿರು ಬೋರ್ಡು, ತೂತುಗಳ ಬಿಳಿ ಹಲಗೆ, ಒಂದು ಕಟ್ಟು ವಯರು, ಒಂದು ಬಜರು, ಒಂದಿಷ್ಟು ಪುಟ್ಟ ಬಲ್ಬು, ಮತ್ತೆ ಕಡಲೆಕಾಳಿನಷ್ಟು ದೊಡ್ಡ, ತಲೆಯ ಮೇಲೆ ಹಾವು ಹರಿದಂತೆ ಗೆರೆ ಇರುವ ಬೆಳಕಿನ ಸೆನ್ಸರು.

"ಇದನ್ನು ಕಂಪ್ಯೂಟರಿಗೆ ಹಾಕ್ಲಿಕ್ಕೆ ವಯರು?" ಎಂದು ಕೇಳಿದೆ.

"ಎಂತದ್ದೂ ಆಗ್ತದೆ ಅಕ್ಕ. ಎಲ್ಲ ಒಂದೇ," ಎಂದು ರಹ್ಮತ್ ಒಂದು ವಯರು ಸುತ್ತಿ ಕೊಟ್ಟ.

ಎಲ್ಲ ಒಂದೇ ಅಲ್ಲ. ಆ ವಯರು ಹಾಕಿದರೆ ಬೋರ್ಡಿನಲ್ಲಿ ಕೆಂಪು ದೀಪ ಉರಿಯುತ್ತದೆ, ಕಂಪ್ಯೂಟರು ಮಾತ್ರ ಬೋರ್ಡೇ ಇಲ್ಲವೆನ್ನುತ್ತದೆ. ಜಿನೇಶರ ಅಂಗಡಿಯ ಹಳೆಯ ಲ್ಯಾಪ್‌ಟಾಪನ್ನು ಬೈದೆವು, ಬೋರ್ಡನ್ನು ಬೈದೆವು, ಅನಿಷಾ ತನ್ನನ್ನೇ ಬೈದುಕೊಂಡು ಊಟ ಬಿಟ್ಟಳು. ಒಂದೇ ಮನೆಯಲ್ಲಿ ಇಬ್ಬರು ಉಪವಾಸಿಗಳು. ಕೊನೆಗೆ ಗೊತ್ತಾದದ್ದು, ಅದು ಬರೀ ಚಾರ್ಜಿಂಗ್ ವಯರು. ಕರೆಂಟು ಹೋಗುತ್ತದೆ, ಮಾತು ಹೋಗುವುದಿಲ್ಲ. ಮದುವೆಯಾಗಿ ಹದಿನಾರು ವರ್ಷವಾದ ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ಸರಿಯಾದ ವಯರು ಬಂದ ಮೇಲೆ ಬೋರ್ಡಿನ ಮೇಲಿನ ಪುಟ್ಟ ದೀಪ ಮಿಣುಕಿತು. ಒಂದು ಸೆಕೆಂಡು ಉರಿಯುವುದು, ಒಂದು ಸೆಕೆಂಡು ಆರುವುದು, ಅಷ್ಟೇ. ಜಿನೇಶರು ಅದರ ವಿಡಿಯೋ ಮಾಡಿ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರು. ಬೆಳ್ತಂಗಡಿಯ ಅತ್ತಿಗೆ "ಅಭಿನಂದನೆಗಳು, ಯಾವ ರ‍್ಯಾಂಕ್?" ಎಂದು ಬರೆದರು.

ಪ್ರೋಗ್ರಾಂ ಎಂದರೆ ಏನೆಂದು ಅನಿಷಾ ನನಗೂ ಹೇಳಿಕೊಟ್ಟಳು. ಮೇಲೆ ಒಂದು ಭಾಗ, ಅದು ಕರೆಂಟು ಬಂದಾಗ ಒಮ್ಮೆ ಮಾತ್ರ ನಡೆಯುತ್ತದೆ. ಕೆಳಗೆ ಇನ್ನೊಂದು ಭಾಗ, ಅದಕ್ಕೆ ಲೂಪ್ ಎಂದು ಹೆಸರು, ಯಾರಾದರೂ ವಯರು ಕೀಳುವವರೆಗೆ ಸುತ್ತುತ್ತಲೇ ಇರುತ್ತದೆ. ಬೆಳಿಗ್ಗೆ ಎದ್ದು ದೋಸೆ, ವೇಣೂರು ಮಾರ್ಗದ ಬಸ್ಸು, ಬೆಳ್ತಂಗಡಿಯ ತಾಲೂಕು ಕಚೇರಿ, ಅದೇ ಬಸ್ಸು, ಮತ್ತೆ ಒಲೆ. ನನಗೆ ಎರಡನೆಯ ಭಾಗ ತಕ್ಷಣ ಅರ್ಥವಾಯಿತು.

"ಸಾಲಿನ ಕೊನೆಗೆ ಸೆಮಿಕೋಲನ್ ಹಾಕ್ಲೇಬೇಕು ಅಮ್ಮ. ಒಂದು ಬಿಟ್ರೆ ಎಲ್ಲ ವಾಪಸ್."

"ನಮ್ಮ ಕಚೇರಿಯ ಹಾಗೆಯೇ. ಆದರೆ ಇದು ಎಲ್ಲಿ ತಪ್ಪಿದೆ ಅಂತ ಹೇಳ್ತದೆ."

ಸೆನ್ಸರು ಬೆಳಕನ್ನು ನಂಬರ್ ಮಾಡಿ ಹೇಳುತ್ತದೆ. ಕತ್ತಲೆಗೆ ಸೊನ್ನೆಯ ಹತ್ತಿರ, ಬಿಸಿಲಿಗೆ ಸಾವಿರದ ಹತ್ತಿರ. ನಂಬರು ಇಂತಿಷ್ಟಕ್ಕಿಂತ ಕೆಳಗಿಳಿದರೆ ಬಜರು ಕೂಗಬೇಕು. ಮೊದಲ ಸಂಜೆ ಅದು ಕೂಗಿತು, ನಿಂತಿತು, ಮತ್ತೆ ಕೂಗಿತು, ದಮ್ಮಿನ ಕಾಯಿಲೆಯವರ ಹಾಗೆ. ಒಮ್ಮೆ ಕೂಗಿದ ಮೇಲೆ ಮರುದಿನದವರೆಗೆ ಬಾಯಿ ಮುಚ್ಚಿರಬೇಕೆಂದು ಅನಿಷಾ ಬರೆದಳು. ಸ್ವೀಟ್ ಬಾಕ್ಸಿನ ಪಾರದರ್ಶಕ ಮುಚ್ಚಳದಡಿ ಸೆನ್ಸರನ್ನು ಕೂರಿಸಿ ಚಾವಡಿಯ ಕಿಟಕಿಯ ಹೊರಗೆ ಕಟ್ಟಿದೆವು.

ಬಜರು ಆರೂವರೆಯ ಆಚೆಗೆ ಕೂಗಿತು. ಮಾವ ಅಂದು ಬಿಸಿ ಗಂಜಿ, ಹೆಸರುಕಾಳಿನ ಪಲ್ಯ, ಮೇಲೊಂದು ನೀರುದೋಸೆ ತಿಂದು, ಬಜರಿನ ಕಡೆ ಕೈ ತೋರಿಸಿ "ಜನ ಒಳ್ಳೆಯದು" ಎಂದರು. ವಾರವಿಡೀ ಊಟ ಸರಿಯಾಯಿತು. ಸಕ್ಕರೆ ಹತೋಟಿಗೆ ಬಂತು. ಬಂದವರಿಗೆಲ್ಲ ಮಾವ ಕಿಟಕಿ ತೋರಿಸಿದರು. "ಪುಳ್ಳಿ ಮಾಡಿದ್ದು, ಮಗನ ಮಗಳು. ತಪ್ಪುವ ಪ್ರಶ್ನೆಯೇ ಇಲ್ಲ." ಇಷ್ಟು ಸಂತೋಷದಲ್ಲಿ ಒಂದು ಚಿಕ್ಕ ಸಂಗತಿ ಯಾರ ಗಮನಕ್ಕೂ ಬರಲಿಲ್ಲ. ನನ್ನ ಬಸ್ಸು ಆರಕ್ಕೆ ಬರುತ್ತದೆ. ಮೊದಲು ನಾಲ್ಕೂವರೆಗೆ ಮಧ್ಯಾಹ್ನದ ಉಳಿಕೆಯನ್ನು ತಿನ್ನುತ್ತಿದ್ದವರಿಗೆ ಈಗ ಬಜರು ಕೂಗುವ ಮೊದಲು ಬಿಸಿ ಅಡುಗೆ ಆಗಬೇಕು. ವಿಜ್ಞಾನ ಮುಂದುವರಿದಾಗ ಯಾರಾದರೊಬ್ಬರು ಸೀರೆ ಬದಲಾಯಿಸದೆ ಒಲೆಯ ಮುಂದೆ ನಿಲ್ಲಬೇಕಾಗುತ್ತದೆ.

ಆಮೇಲೆ ಆ ದೊಡ್ಡ ಮಳೆ ಬಂತು. ಬಂಟ್ವಾಳದಲ್ಲಿ ನೇತ್ರಾವತಿ ಏರಿ ಜಿನೇಶರು ಅಂಗಡಿಯ ಸಾಮಾನು ಮೇಲಕ್ಕೆ ಸಾಗಿಸುತ್ತಿದ್ದ ದಿನ. ಮೂಡುಬಿದಿರೆಯ ಆಕಾಶ ಮಧ್ಯಾಹ್ನವೇ ಕಾಡಿಗೆಯಾಯಿತು, ಮೂರೂವರೆಗೆ ಬಜರು ಕೂಗಿತು. ಮಾವ ಚಹಾದ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟರು.

ಶಾಲೆಗೆ ರಜೆಯಿದ್ದ ಅನಿಷಾ ಓಡಿಬಂದಳಂತೆ. "ಅಜ್ಜ, ಅದು ಮೋಡ. ಸೂರ್ಯ ಮುಳುಗಿದ್ದಲ್ಲ."

"ಅದು ಕೂಗಿತಾ ಇಲ್ಲವಾ?"

"ಕೂಗಿತು. ಆದರೆ ತಪ್ಪು ಕೂಗಿತು."

"ಬೇಕಾದಾಗ ಸರಿ, ಬೇಡದಾಗ ತಪ್ಪು ಅಂತ ಹೇಳಿದ್ರೆ ಅದು ಸಾಕ್ಷಿ ಆಗುವುದಿಲ್ಲ ಮಗಾ. ಆಯ್ತು. ಇವತ್ತಿನದ್ದು ಮುಗಿಯಿತು."

ನಾನು ಬಂದು ಹೇಳಿದೆ, ಜಿನೇಶರು ಬಂದು ಕೂಗಾಡಿದರು. ಮಾವ ಜಪಸರ ಹಿಡಿದು ಕುಳಿತರು. ಜಪಸರ ಹಿಡಿದವರೊಡನೆ ಜಗಳವಾಡಲು ನಮ್ಮ ಮನೆಯಲ್ಲಿ ಯಾರಿಗೂ ಟ್ರೈನಿಂಗ್ ಆಗಿಲ್ಲ.

ಬೆಳಿಗ್ಗೆ ಇನ್ನೂ ಮಸುಕಿರುವಾಗ ಜಗಲಿಯಲ್ಲಿ ಏನೋ ಬಿದ್ದ ಸದ್ದಾಯಿತು. ಮಾವ ಕಂಬಕ್ಕೆ ಒರಗಿ ಕುಳಿತಿದ್ದರು, ಬನಿಯನ್ ಬೆವರಿಗೆ ಒದ್ದೆ, ಕೈ ಗಡಗಡ ನಡುಗುತ್ತಿತ್ತು. ಬಿದ್ದದ್ದು ಊರುಗೋಲು. ನಾನು ಬೆಲ್ಲದ ನೀರು ತಂದೆ. ಅವರು ತುಟಿ ಬಿಗಿಹಿಡಿದು ತಲೆ ಅಲ್ಲಾಡಿಸಿದರು.

"ಪಪ್ಪ, ಒಂದು ಗುಟುಕು," ಎಂದು ಜಿನೇಶರು ಅತ್ತುಬಿಟ್ಟರು. "ನಿಮ್ಮ ಕಾಲಿಗೆ ಬೀಳ್ತೇನೆ. ಬೆಳಕಾಗಿದೆ."

"ನೀನು ಹೇಳ್ಬೇಡ." ಮಾವ ನಡುಗುವ ಅಂಗೈಯನ್ನು ಅನಿಷಾಳ ಮುಂದೆ ಚಾಚಿದರು. "ಯಂತ್ರ ಮಾಡಿದವಳು ನೀನು, ನೀನು ನೋಡಿ ಹೇಳು. ಗೆರೆ ಕಾಣ್ತದಾ?"

ನಾನು ಅವಳ ಬೆನ್ನಿಗೆ ಚಿವುಟಿದೆ. ಹೂಂ ಅನ್ನು. ಒಂದು ಹೂಂ. ಇಷ್ಟು ವರ್ಷ ಸಾಕಿದ್ದಕ್ಕೆ ಒಂದು ಸುಳ್ಳನ್ನಾದರೂ ಕಲಿತಿರಬೇಕಲ್ಲ.

ಅವಳು ಬಗ್ಗಿ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು, ಅದನ್ನು ಒರೆಸಿಕೊಂಡು ಮತ್ತೆ ನೋಡಿದಳು. "ಇನ್ನೂ ಇಲ್ಲ ಅಜ್ಜ."

ಆ ಕ್ಷಣ ನನಗೆ ಅವಳ ಕೆನ್ನೆಗೆ ಎರಡು ಬಾರಿಸಬೇಕೆನ್ನಿಸಿತು. ಮಾವ ಮಾತ್ರ ನಕ್ಕರು. ನಾವು ಲೋಟ ಹಿಡಿದುಕೊಂಡು, ಇಷ್ಟು ಹೊತ್ತಿಗೆ ಬರಬೇಕಾಗಿದ್ದ ಸೂರ್ಯನನ್ನು ಮನಸ್ಸಿನಲ್ಲೇ ಬೈಯುತ್ತ ನಿಂತೆವು.

"ಆಯುಷ್ಯದ ಗೆರೆ ಕಾಣ್ತಾ ಉಂಟು ಅಜ್ಜ. ಬೇರೆಯದ್ದು ಇಲ್ಲ."

"ಎಲ್ಲ ಕಾಣ್ಬೇಕು."

"ಎಂತ ಜನ ಮಾರಾಯ್ರೆ ಇವರು," ಎಂದು ನಾನು ಜೋರಾಗಿಯೇ ಹೇಳಿದೆ. ಮದುವೆಯಾದಂದಿನಿಂದ ಮಾವನ ಎದುರು ನಾನು ಹಾಗೆ ಮಾತಾಡಿದ್ದಿಲ್ಲ. ಯಾರೂ ಕೇಳಿಸಿಕೊಳ್ಳಲಿಲ್ಲ.

"ಈಗ," ಎಂದಳು ಅನಿಷಾ. "ಈಗ ಎಲ್ಲ ಕಾಣ್ತದೆ. ಕುಡಿಯಿರಿ." ಮಾವ ಲೋಟ ಖಾಲಿ ಮಾಡಿದರು. ಅರ್ಧ ಗಡ್ಡಕ್ಕೆ ಹೋಯಿತು.

ಅಂದು ನಾನೂ ಜಿನೇಶರೂ ರಜೆ ಹಾಕಿದೆವು. ಜಿನೇಶರು ಮಗಳನ್ನು ಅಡುಗೆಮನೆಗೆ ಕರೆದು ಬಾಗಿಲು ಓರೆ ಮಾಡಿದರು. "ನೋಡು, ಸೆನ್ಸರು ಗಿನ್ಸರು ಬೇಡ. ಒಂದು ಗಡಿಯಾರ ಹಾಕು ಅದಕ್ಕೆ. ಸಂಜೆ ಆರೂವರೆಗೆ ಕೂಗ್ಲಿ. ಅಜ್ಜನಿಗೆ ಎಂತ ಗೊತ್ತಾಗ್ತದೆ?"

"ಅಜ್ಜ ನಂಬಿ ಉಣ್ಣುವುದು ಪಪ್ಪ."

"ನಂಬಿಕೆಯಲ್ಲಿ ಹೊಟ್ಟೆ ತುಂಬುವುದಿಲ್ಲ."

"ಹಾಗಾದ್ರೆ ನೀವೇ ಪ್ರೋಗ್ರಾಂ ಬರೀರಿ." ಬರೆಯಲು ಬಾರದವರ ಮುಂದೆ ಹೇಳಬಹುದಾದ ಅತ್ಯಂತ ಸುರಕ್ಷಿತ ಮಾತು ಅದು.

ತಪ್ಪು ಎಲ್ಲಿದೆಯೆಂದು ಅವಳಿಗೆ ಸಂಜೆಯೊಳಗೆ ಸಿಕ್ಕಿತು. ನಮ್ಮ ಮನೆಯಲ್ಲಿ ಲ್ಯಾಪ್‌ಟಾಪಿಗೆ ಸರಿಯಾದ ಪ್ಲಗ್ಗು ಇರುವುದು ಅಡುಗೆಮನೆಯಲ್ಲಿ, ಮಿಕ್ಸಿಯ ಹತ್ತಿರ. ಅಲ್ಲಿಂದ ಉದ್ದಕ್ಕೆ ವಯರು ಎಳೆದು ಸೆನ್ಸರನ್ನು ಕಿಟಕಿಗೆ ಕಟ್ಟಿದ್ದಳು. ಕತ್ತಲೆಯ ನಂಬರನ್ನು ಅವಳು ಹೊರಗೆ ನೋಡಿರಲಿಲ್ಲ, ನನ್ನ ಅಡುಗೆಮನೆಯಲ್ಲೇ, ಹಗಲಿಗೂ ಲೈಟು ಹಾಕಬೇಕಾದ ಆ ಮೂಲೆಯಲ್ಲಿ, ಅಂಗೈ ನೋಡಿ ಅಂದಾಜಿಗೆ ಹಾಕಿದ್ದಳು: ಇನ್ನೂರು. ಹದಿನಾರು ವರ್ಷ ಆ ಮೂಲೆಯಲ್ಲಿ ಅಕ್ಕಿಯ ಕಲ್ಲು ಹೆಕ್ಕಿದವಳನ್ನು ಕೇಳಿದ್ದರೆ ಅದು ಯಾವ ಜಾತಿಯ ಕತ್ತಲೆಯೆಂದು ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ.

"ಸರಿಯಾದ ನಂಬರ್ ಅಂಗಳದಲ್ಲೇ ಹಿಡಿಯಬೇಕು," ಎಂದಳು ಅನಿಷಾ.

"ಯಾರ ಕಣ್ಣಿಗೆ ಕಂಡದ್ದು?" ಎಂದು ಮಾವ ಒಳಗಿನಿಂದ ಕೇಳಿದರು. ಕಿವಿಗೆ ಪೊರೆ ಬಂದಿಲ್ಲ.

"ನನ್ನದು ಅಜ್ಜ."

"ವ್ರತ ನನ್ನದು. ಕಣ್ಣೂ ನನ್ನದೇ ಆಗಬೇಕು."

ಹಾಗೆ ಭಾನುವಾರ ಊಟ ಮುಗಿಸಿ ಮಾವ ಜಗಲಿಯ ಮೆಟ್ಟಿಲ ಮೇಲೆ ಅಂಗೈ ಚಾಚಿ ಕುಳಿತರು. ಪಕ್ಕದಲ್ಲಿ ಸೆನ್ಸರು, ಅದರ ಪಕ್ಕ ಲ್ಯಾಪ್‌ಟಾಪು, ಅದರಲ್ಲಿ ನಂಬರುಗಳು ಮೇಲಿನಿಂದ ಕೆಳಗೆ ಓಡುತ್ತಿದ್ದವು. ಮೋಡವಿತ್ತು, ಮಳೆಯಿರಲಿಲ್ಲ. ಪಕ್ಕದ ಮನೆಯವರು ಬಟ್ಟೆ ಒಣಗಿಸುತ್ತಿದ್ದರು. ಸ್ವಲ್ಪ ಹೊತ್ತಿಗೇ ಮಾವ "ಆಯ್ತು, ಈಗ ಕಾಣುವುದಿಲ್ಲ" ಎಂದರು.

ಅನಿಷಾ ಸ್ಕ್ರೀನ್ ನೋಡಿದಳು. "ಆರುನೂರ ಇಪ್ಪತ್ತು. ಇದನ್ನೇ ಹಾಕುವುದಾ ಅಜ್ಜ?"

"ಹಾಕು."

ಅವಳು ಹಾಕಿದಳು. ಅಂದಿನ ಸೂರ್ಯಾಸ್ತ ಹಾಗೆ ಮುಗಿಯಿತು, ಮಧ್ಯಾಹ್ನ ಎರಡೂಕಾಲಕ್ಕೆ. ಮರುದಿನ ಬೆಳಿಗ್ಗೆ ತಿಂಡಿಯಾಯಿತು, ನಾನು ಕಚೇರಿಗೆ ಹೊರಡಲಿಲ್ಲ, ಈ ಅವಸ್ಥೆಯಲ್ಲಿ ಹೇಗೆ ಹೊರಡುವುದು. ಹನ್ನೊಂದಕ್ಕೆ ಒಂದು ಮೋಡ ಬಂತು. ಬಜರು ಕೂಗಿತು. ಒಲೆಯ ಮೇಲೆ ಅನ್ನ ಇನ್ನೂ ಕುದಿಯುತ್ತಿತ್ತು.

ಮಾವ ಕೈ ತೊಳೆದು ಬಂದು ಚಾವಡಿಯಲ್ಲಿ ಕುಳಿತರು. ಅನ್ನ ಬೆಂದ ಪರಿಮಳ ಬಂತು, ಒಗ್ಗರಣೆ ಚಟಪಟ ಅಂದಿತು. ನಾನು ಬೇಕೆಂದೇ ಇಂಗು ಸ್ವಲ್ಪ ಜಾಸ್ತಿ ಹಾಕಿದೆ. ಕೊನೆಗೆ ಅವರು ಆ ದಿನವೂ ರಜೆಯಲ್ಲಿದ್ದ ಮೊಮ್ಮಗಳನ್ನು ಕರೆದರು.

"ನಿನ್ನೆ ಸಂಜೆ ನೀನೂ ಅಂಗಳದಲ್ಲಿ ಕೈ ನೋಡ್ತಾ ಇದ್ದಿ ಅಲ್ವಾ? ನಿನ್ನ ನಂಬರ್ ಎಷ್ಟು ಬಂತು?"

"ನಲವತ್ತು."

"ನಾನೂರಾ?"

"ಅಲ್ಲ ಅಜ್ಜ. ನಲವತ್ತು."

ಡಾಕ್ಟರು ಹೇಳಿದಾಗ ಕೇಳದ, ಮಗ ಅತ್ತಾಗ ಕರಗದ ಮಾವ ಆ ಎರಡು ನಂಬರುಗಳನ್ನು ಬಾಯಲ್ಲಿ ಆಚೀಚೆ ಹೊರಳಿಸುತ್ತಿದ್ದರು. ಆರುನೂರ ಇಪ್ಪತ್ತು, ನಲವತ್ತು. ಅಂಗಡಿಯಲ್ಲಿ ಅವರು ಬಟ್ಟೆಯನ್ನು ಎಳೆದು ಅಳೆದವರಲ್ಲ. ಗಜಕಡ್ಡಿ ತುದಿಯಲ್ಲಿ ಸವೆದಿದೆಯೆಂದು ಅನುಮಾನ ಬಂದ ದಿನವೇ ಅದನ್ನು ಮುರಿದು ಬಚ್ಚಲ ಒಲೆಗೆ ಹಾಕಿದವರು ಎಂದು ಅತ್ತೆ ಬದುಕಿದ್ದಾಗ ಹೇಳುತ್ತಿದ್ದರು.

"ಹಾಗಾದ್ರೆ ನನ್ನ ಅಳತೆಯೇ ಸುಳ್ಳು," ಎಂದರು ಮಾವ. "ಸುಳ್ಳು ಅಳತೆಯಲ್ಲಿ ಕೊಟ್ಟದ್ದು ವ್ಯಾಪಾರ ಅಲ್ಲ. ಆ ಬಜರು ಕೂಗಿದ್ದೂ ಲೆಕ್ಕಕ್ಕಿಲ್ಲ. ಪದ್ಮಜಾ, ಬಡಿಸು."

ನಾನು ಸೌಟು ಹಿಡಿದುಕೊಂಡೇ ನಿಂತೆ. ನನಗೆ ಕೇಳಿದ್ದು ನಿಜವೆಂದು ಜಿನೇಶರಿಗೆ ಫೋನಿನಲ್ಲಿ ಎರಡು ಸಲ ಹೇಳಬೇಕಾಯಿತು.

ಉಣ್ಣುತ್ತಲೇ ಅವರು ಮುಂದಿನ ಆಜ್ಞೆ ಕೊಟ್ಟರು. "ಆ ಬಂಟ್ವಾಳದ ಡಾಕ್ಟ್ರಿಗೆ ಫೋನು ಮಾಡ್ಲಿಕ್ಕೆ ಹೇಳು. ಕಣ್ಣು ಸರಿ ಮಾಡಿಸಿಕೊಂಡು ಬಂದು ಈ ಪೆಟ್ಟಿಗೆಗೆ ಸರಿಯಾದ ನಂಬರ್ ನಾನೇ ಕೊಡ್ತೇನೆ."

"ಅಲ್ಲಿವರೆಗೆ?" ಎಂದಳು ಅನಿಷಾ.

"ಅಲ್ಲಿವರೆಗೆ ನಿನ್ನದು ಹಾಕು. ನಾನು ಸಾಯ್ತೇನೆ ಅಂತ ಗೊತ್ತಿದ್ದೂ ಗೆರೆ ಕಾಣುವುದಿಲ್ಲ ಅಂದವಳು ನೀನು."

ಹೀಗೆ, ಸಕ್ಕರೆಗಾಗಿ ಅಲ್ಲ, ಪ್ರಾಣಕ್ಕಾಗಿ ಅಲ್ಲ, ಮಗ ಸೊಸೆಯರ ಕಣ್ಣೀರಿಗಾಗಿ ಮೊದಲೇ ಅಲ್ಲ, ಒಂಬತ್ತನೇ ಕ್ಲಾಸಿನ ಹುಡುಗಿಯ ಪ್ರೋಗ್ರಾಮಿನಲ್ಲಿ ಒಂದು ನಂಬರ್ ಸರಿಯಾಗಬೇಕೆಂಬ ಕಾರಣಕ್ಕೆ ನನ್ನ ಮಾವ ಕಣ್ಣಿನ ಆಪರೇಷನ್ ಮಾಡಿಸಿಕೊಂಡರು. ಮೊದಲು ಬಲಗಣ್ಣು, ತಿಂಗಳು ಬಿಟ್ಟು ಎಡಗಣ್ಣು. ರಾತ್ರಿ ಕಣ್ಣಿಗೆ ಮದ್ದಿನ ಹನಿ ಬಿಟ್ಟರೆ ವ್ರತಭಂಗವಾಗುತ್ತದೆಯೇ ಎಂದು ಅವರು ಡಾಕ್ಟರನ್ನು ಕೇಳಿದರು. "ಕಣ್ಣಿಗೆ ಹೊಟ್ಟೆ ಇಲ್ಲ ಯಜಮಾನ್ರೆ," ಎಂದು ಡಾಕ್ಟರು ಹೇಳಿದ್ದು ಸಿದ್ಧಾಂತದ ಪ್ರಕಾರ ಸರಿಯೋ ತಪ್ಪೋ ಎಂದು ಬಸದಿಯಲ್ಲಿ ಇನ್ನೂ ಚರ್ಚೆಯಲ್ಲಿದೆ.

ಕಪ್ಪು ಕನ್ನಡಕ ತೆಗೆದ ಮೊದಲ ವಾರ ಅವರು ಮನೆಯನ್ನೆಲ್ಲ ಸುತ್ತಿ ನೋಡಿದರು. ಮಾಡಿನ ಮೂಲೆಯ ಜೇಡರ ಬಲೆ, ಸ್ಟೀಲ್ ಡಬ್ಬಿಯ ಅಡಿಯ ಎಣ್ಣೆ ಕಲೆ, ನನ್ನ ತಲೆಯ ಬಿಳಿ ಕೂದಲು. ಎಲ್ಲವನ್ನೂ ಜೋರಾಗಿ ಓದಿ ಹೇಳಿದರು. "ಇದು ಯಾವಾಗಿನಿಂದ ಉಂಟು?" ಎಂದು ಕೂದಲಿಗೂ ಕೇಳಿದರು, ಬಲೆಗೂ ಕೇಳಿದರು. ನಿಮ್ಮ ಊಟದ ಹೊತ್ತು ಐದೂವರೆಗೆ ಬಂದಂದಿನಿಂದ ಎಂದು ಹೇಳಬೇಕೆಂದುಕೊಂಡೆ. ಹೇಳಲಿಲ್ಲ, ಹಾಲು ಉಕ್ಕುತ್ತಿತ್ತು.

ಮೋಡವಿಲ್ಲದ ಒಂದು ಸಂಜೆ ನಂಬರ್ ಹಿಡಿಯುವ ಕೆಲಸ ನಡೆಯಿತು. ಈ ಸಲ ಅಜ್ಜ ಮೊಮ್ಮಗಳು ಇಬ್ಬರೂ ಮೆಟ್ಟಿಲ ಮೇಲೆ, ಇಬ್ಬರ ಅಂಗೈಯೂ ಮುಂದೆ. ಬಾವಲಿಗಳು ಹೊರಟವು. ಪಕ್ಕದ ಮನೆಯ ಟ್ಯೂಬ್‌ಲೈಟ್ ಉರಿಯದಂತೆ ಜಿನೇಶರು ಹೋಗಿ ವಿನಂತಿಸಿ ಬಂದಿದ್ದರು.

"ನನಗೆ ಹೋಯಿತು ಅಜ್ಜ," ಎಂದಳು ಅನಿಷಾ. "ಮೂವತ್ತೊಂಬತ್ತು."

"ನನಗೆ ಉಂಟು."

"ಸುಳ್ಳು ಹೇಳ್ಬೇಡಿ."

"ಸುಳ್ಳು ಹೇಳಿದ್ರೆ ನಾನು ನಾಳೆ ಉಪವಾಸ ಬೀಳುವುದು, ನೀನಲ್ಲ. ತಡೆ. ಈ ಕಿರುಬೆರಳ ಕೆಳಗಿನದ್ದು ಇನ್ನೂ ಉಂಟು. ಉಂಟು... ಉಂಟು... ಹೋಯಿತು. ಎಷ್ಟು?"

"ಮೂವತ್ತನಾಲ್ಕು."

ಮಾವ ಎದ್ದುನಿಂತು ಪಂಚೆ ಸರಿಮಾಡಿಕೊಂಡರು. "ಜವಳಿಯವನ ಕಣ್ಣು ಅಂದ್ರೆ ಎಂತ ಅಂತ ತಿಳ್ಕೊಂಡಿದ್ದಿ?"

ಇನ್ನು ಯಂತ್ರವೇ ಬೇಡವಲ್ಲ, ನಿಮಗೇ ಕಾಣುತ್ತದಲ್ಲ ಎಂದು ಜಿನೇಶರು ಹೇಳಿನೋಡಿದರು. ಮಾವ ಒಪ್ಪಲಿಲ್ಲ. ಈಗ ಪ್ರತಿ ಸಂಜೆ ಬಜರು ಕೂಗುವ ಮೊದಲೇ ಅವರು ತಟ್ಟೆ ಹಿಡಿದು ಜಗಲಿಗೆ ಬಂದು ಕೂರುತ್ತಾರೆ. ಅದು ತಪ್ಪುವುದನ್ನೇ ಕಾಯುತ್ತಾರೆ. ನಿನ್ನೆ ಪಡುವಣದಲ್ಲಿ ಒಂದು ಮೋಡ ಅಡ್ಡ ಬಂದು ಬಜರು ಸ್ವಲ್ಪ ಬೇಗ ಕೂಗಿತು. ಮಾವ ಅಂಗೈ ತಿರುಗಿಸಿ ನೋಡಿ, "ಗೆರೆ ಉಂಟು. ನಿನ್ನ ಪೆಟ್ಟಿಗೆ ಸುಳ್ಳು ಹೇಳ್ತದೆ ಅನಿಷಾ, ನಂಬರ್ ನೋಡು" ಎಂದು ಸಂತೋಷದಿಂದ ಕೂಗಿ, ಒಳಗೆ ತಿರುಗಿ ನನಗೂ ಹೇಳಿದರು:

"ಪದ್ಮಜಾ, ಇನ್ನೊಂದು ದೋಸೆ ಹಾಕು. ಇದರ ಹಾಗೆ ಅಂಚು ಕರಿ ಮಾಡ್ಬೇಡ. ಕಾಣ್ತದೆ."